ಕೇಳಿಸಿಕೊಳ್ಳುವವಳ ಮುಖ

ಇಬ್ಬರು ಮಾತನಾಡುವ ದೃಶ್ಯವನ್ನು ಚಿತ್ರೀಕರಿಸಲು ಹೊರಟಾಗ ಕ್ಯಾಮೆರಾ ಮಾತನಾಡುವವರ ಕಡೆಗೇ ವಾಲುತ್ತದೆ. ಸಂಭಾಷಣೆ ಯಾರದೋ ಫ್ರೇಮು ಅವರದು ಎಂದು ಕೈ ತಾನಾಗಿಯೇ ತೀರ್ಮಾನಿಸಿಬಿಡುತ್ತದೆ. ಅದನ್ನು ಯಾರೂ ಕಲಿಸಬೇಕಿಲ್ಲ. ಆದರೆ ಹೇಳುವವನಿಗೆ ತಾನು ಏನು ಹೇಳಲಿದ್ದೇನೆ ಎಂಬುದು ಮೊದಲೇ ಗೊತ್ತಿರುತ್ತದೆ. ಗೊತ್ತಿಲ್ಲದಿರುವುದು ಕೇಳುವವಳಿಗೆ. ಮಾತು ಕಿವಿಗೆ ಬಿದ್ದು, ಅರ್ಥವಾಗಿ, ಮುಂದೇನು ಮಾಡಬೇಕೆಂದು ತೋಚದೆ ಅವಳು ನಿಂತುಬಿಡುವ ಒಂದೆರಡು ಸೆಕೆಂಡುಗಳಿರುತ್ತವಲ್ಲ, ದೃಶ್ಯ ಇರುವುದು ಅಲ್ಲಿ. ಚಿತ್ರಕಥೆಯ ಮೊದಲ ಸಾಲಿನಿಂದ ಸಂಕಲನದ ಕೊನೆಯ ಕಟ್‌ವರೆಗಿನ ಶ್ರಮವೆಲ್ಲ ಆ ಒಂದೆರಡು ಸೆಕೆಂಡುಗಳನ್ನು ಕಾಪಾಡುವುದಕ್ಕಾಗಿಯೇ ಎಂದು ನಾನು ಈಗ ಗಟ್ಟಿಯಾಗಿ ನಂಬಿದ್ದೇನೆ.

ಸಿನಿಮಾ ವಿದ್ಯಾರ್ಥಿಗಳಾದ ನಮಗೆ ಸಿಕ್ಕಿದ್ದ ಅಭ್ಯಾಸ ಇಷ್ಟೇ: ಒಂದು ಕೋಣೆ, ಎರಡು ಪಾತ್ರ, ಸುಮಾರು ಮೂರು ನಿಮಿಷ. ಒಳಗೆ ಬಂದಾಗ ಇದ್ದ ಸಂಬಂಧ ದೃಶ್ಯ ಮುಗಿಯುವಾಗ ಹಾಗೆಯೇ ಇರಬಾರದು. ಸಹಪಾಠಿಗಳೇ ತಂಡ. ನಿರ್ದೇಶನ ನನ್ನ ಪಾಲಿಗೆ ಬಂತು. ನಟಿಸಲು ಇಬ್ಬರು ರಂಗಭೂಮಿಯ ಗೆಳೆಯರು ಒಪ್ಪಿದರು.

ನಾವು ಆರಿಸಿಕೊಂಡದ್ದು ಅಕ್ಕ ಮತ್ತು ತಮ್ಮನ ಕಥೆ. ತಾಯಿ ತೀರಿಹೋಗಿ ಕೆಲವು ವಾರಗಳಾಗಿವೆ. ಆಕೆಯ ಕೋಣೆಯಲ್ಲಿ ಇಬ್ಬರೂ ಬೀರುವಿನಲ್ಲಿದ್ದ ಬಟ್ಟೆಗಳನ್ನು ತೆಗೆದು ಪೆಟ್ಟಿಗೆಗೆ ತುಂಬುತ್ತಿದ್ದಾರೆ. ಆ ಮನೆಯನ್ನು ತಮ್ಮ ಮಾರಿಬಿಟ್ಟಿದ್ದಾನೆ. ಅಕ್ಕನಿಗೆ ಹೇಳಿಲ್ಲ. ಇವತ್ತು ಹೇಳಲೇಬೇಕು.

ಮೊದಲ ಕರಡಿನಲ್ಲಿ ತಮ್ಮನಿಗೆ ಅರ್ಧ ಪುಟದ ಮಾತಿತ್ತು. ಸಾಲ ಹೇಗೆ ಬೆಳೆಯಿತು, ಯಾರು ಒತ್ತಾಯಿಸಿದರು, ಅಕ್ಕನಿಗೆ ಯಾಕೆ ತಿಳಿಸಲಿಲ್ಲ, ಎಲ್ಲವನ್ನೂ ಅವನು ವಿವರಿಸುತ್ತಿದ್ದ. ಓದಲು ಚೆನ್ನಾಗಿಯೇ ಇತ್ತು. ಆದರೆ ನಟಿ ತಾಲೀಮಿನ ಮೊದಲ ದಿನವೇ ಒಂದು ಪ್ರಶ್ನೆ ಕೇಳಿದರು: “ಅವನು ಇಷ್ಟೆಲ್ಲ ಹೇಳುತ್ತಿರುವಾಗ ನಾನು ಏನು ಮಾಡುತ್ತಿರುತ್ತೇನೆ?” ಚಿತ್ರಕಥೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. “ಅಕ್ಕ ದಿಗ್ಭ್ರಾಂತಳಾಗಿ ನೋಡುತ್ತಾಳೆ” ಎಂದಷ್ಟೇ ಇತ್ತು. ದಿಗ್ಭ್ರಾಂತಳಾಗಿ ನೋಡುವುದನ್ನು ಯಾರೂ ಅಭಿನಯಿಸಲಾರರು. ಅದು ಬರೆದವನ ವಿಶೇಷಣ. ನಟಿಗೆ ಬೇಕಾದದ್ದು ಕ್ರಿಯಾಪದ. ಬಟ್ಟೆ ಮಡಿಸುವುದು, ಗುಂಡಿ ಹುಡುಕುವುದು, ಮಾತು ತಪ್ಪಿಸುವುದು, ಅವನ ಬಾಯಿಂದ ನಿಜ ಹೊರಡಿಸುವುದು, ಇವನ್ನು ಮಾಡಬಹುದು. ಪಾತ್ರಕ್ಕೆ ಈ ಕ್ಷಣದಲ್ಲಿ ಏನು ಬೇಕು ಎಂಬ, ರಷ್ಯದ ರಂಗನಿರ್ದೇಶಕ ಸ್ತಾನಿಸ್ಲಾವ್‌ಸ್ಕಿಯ ಹಳೆಯ ಪ್ರಶ್ನೆ ಇವತ್ತಿಗೂ ಹಳತಾಗದೆ ಉಳಿದಿರುವುದು ಇದಕ್ಕೇ ಇರಬೇಕು. ಅದನ್ನು ಕೇಳಿಕೊಂಡ ತಕ್ಷಣ ಕಾಗದದ ಮೇಲಿನ ಅರ್ಧಕ್ಕರ್ಧ ಮಾತು ಬಿದ್ದುಹೋಗುತ್ತದೆ.

ನಾವು ಕೇಳಿಕೊಂಡೆವು. ಅಕ್ಕನಿಗೆ ಬೇಕಾದದ್ದು ಈ ಕೆಲಸ ಮುಗಿಯದಿರುವುದು. ಬಟ್ಟೆಗಳು ಇರುವಷ್ಟು ದಿನ ಅಮ್ಮನ ಕೋಣೆ ಕೋಣೆಯಾಗಿಯೇ ಇರುತ್ತದೆ. ತಮ್ಮನಿಗೆ ಬೇಕಾದದ್ದು ಇವತ್ತೇ ಮುಗಿಯುವುದು. ಇಷ್ಟು ಗೊತ್ತಾದ ಮೇಲೆ ಅರ್ಧ ಪುಟದ ಮಾತು ಎರಡು ಸಾಲಿಗೆ ಇಳಿಯಿತು.

“ಉಳಿದದ್ದನ್ನು ಮುಂದಿನ ತಿಂಗಳು ಬಂದು ನೋಡುತ್ತೇನೆ ಬಿಡು.”

“ಇವತ್ತೇ ಮುಗಿಸಿಬಿಡೋಣ, ಅಕ್ಕ.”

ಮನೆ ಮಾರಿದ ವಿಷಯ ದೃಶ್ಯದಲ್ಲಿ ಎಲ್ಲೂ ಬಾಯಿಮಾತಿನಲ್ಲಿ ಬರುವುದಿಲ್ಲ. ಈ ಎರಡು ಸಾಲುಗಳಿಗೂ ಮೊದಲೇ ತಮ್ಮ ಮುಂಬಾಗಿಲ ಕೀಲಿಯನ್ನು ಗೊಂಚಲಿನಿಂದ ಬಿಡಿಸಿ ಬೇರೆ ಇಟ್ಟುಕೊಂಡಿರುವುದನ್ನು, ಬೀರುವನ್ನು ಅಳತೆ ಪಟ್ಟಿಯಿಂದ ಅಳೆದಿರುವುದನ್ನು ಪ್ರೇಕ್ಷಕರು ನೋಡಿರುತ್ತಾರೆ. ಅಕ್ಕನೂ ನೋಡಿರುತ್ತಾಳೆ, ಆದರೆ ಅವುಗಳನ್ನು ಒಂದಕ್ಕೊಂದು ಜೋಡಿಸಿಕೊಂಡಿರುವುದಿಲ್ಲ. “ಇವತ್ತೇ” ಎಂದಾಗ ಎಲ್ಲವೂ ಒಟ್ಟಿಗೆ ಕೂಡಿಕೊಳ್ಳುತ್ತವೆ. ಆ ಕೂಡಿಕೊಳ್ಳುವಿಕೆಯನ್ನು ನಾವು ಚಿತ್ರೀಕರಿಸಬೇಕಿತ್ತು.

ಒಂದು ಪುಟಕ್ಕೆ ಒಂದು ನಿಮಿಷ ಎಂಬ ಲೆಕ್ಕವನ್ನು ಚಿತ್ರಕಥೆ ಕಲಿಯುವವರೆಲ್ಲ ಕೇಳಿರುತ್ತಾರೆ. 12 ಪಾಯಿಂಟ್‌ನ ಕೊರಿಯರ್ ಅಕ್ಷರದಲ್ಲಿ, ನಿಗದಿತ ಅಂಚುಗಳನ್ನು ಬಿಟ್ಟು ಟೈಪು ಮಾಡಿದ ಇಂಗ್ಲಿಷ್ ಪುಟಕ್ಕೆ ಹೊಂದುವ ಲೆಕ್ಕ ಅದು, ಅದೂ ಸರಾಸರಿಯಲ್ಲಿ. ಕನ್ನಡದ ಪುಟಕ್ಕೆ ಅದನ್ನು ಹಾಗೆಯೇ ನೆಚ್ಚಿಕೊಳ್ಳಲಾಗದು. ಮೌನವೇ ಹೆಚ್ಚಾಗಿರುವ ದೃಶ್ಯಕ್ಕಂತೂ ಯಾವ ಭಾಷೆಯಲ್ಲೂ ಹೊಂದದು. ನಂಬಬಹುದಾದ ದಾರಿ ಒಂದೇ: ಎದ್ದು ನಿಂತು, ಕೈಯಲ್ಲಿ ನಿಜವಾದ ಬಟ್ಟೆ ಹಿಡಿದು, ಗಟ್ಟಿಯಾಗಿ ಓದಿ, ಗಡಿಯಾರ ನೋಡಿಕೊಳ್ಳುವುದು.

ಇನ್ನು ಕೋಣೆಯ ವಿಷಯ. ಯೋಜನೆಯ ಅತ್ಯಂತ ಶ್ರೀಮಂತ ಹಂತ ಯಾವುದು ಎಂದು ಯಾರಾದರೂ ಕೇಳಿದರೆ ಶಾಟ್ ಪಟ್ಟಿ ಬರೆಯುವುದಕ್ಕೂ ಮೊದಲು ನಟರೊಂದಿಗೆ ಖಾಲಿ ಕೋಣೆಯಲ್ಲಿ ಕಳೆಯುವ ಹೊತ್ತು ಎನ್ನುತ್ತೇನೆ. ಯಾರು ಎಲ್ಲಿ ನಿಲ್ಲುತ್ತಾರೆ, ಯಾವಾಗ ನಡೆಯುತ್ತಾರೆ, ಯಾರಿಗೆ ಬೆನ್ನು ತೋರಿಸುತ್ತಾರೆ ಎಂದು ಗೊತ್ತುಮಾಡುವುದನ್ನು ಬ್ಲಾಕಿಂಗ್ ಎನ್ನುತ್ತೇವೆ. ಅನೇಕ ವಿದ್ಯಾರ್ಥಿ ತಂಡಗಳು ಇದನ್ನು ತಲೆಕೆಳಗಾಗಿ ಮಾಡುತ್ತವೆ. ಚಂದದ ಕೋನವೊಂದನ್ನು ಮೊದಲು ಹುಡುಕಿ, ನಟರನ್ನು ತಂದು ಅದರೊಳಗೆ ನಿಲ್ಲಿಸುತ್ತವೆ. ಆಮೇಲೆ ನಟ ಯಾಕೆ ಗೋಡೆಯ ಪಕ್ಕದಲ್ಲೇ ನಿಂತಿದ್ದಾನೆ ಎಂಬುದಕ್ಕೆ ಅಲ್ಲಿ ಬೆಳಕು ಚೆನ್ನಾಗಿತ್ತು ಎಂಬುದರ ಹೊರತು ಬೇರೆ ಕಾರಣ ಇರುವುದಿಲ್ಲ. ಪ್ರೇಕ್ಷಕರಿಗೆ ಈ ಕಾರಣದ ಕೊರತೆ ಗೊತ್ತಾಗುತ್ತದೆ. ಹೆಸರಿಟ್ಟು ಹೇಳಲು ಅವರಿಗೆ ಬಾರದಿರಬಹುದು, ಅಷ್ಟೇ.

ನಾವು ಕ್ಯಾಮೆರಾವನ್ನು ಚೀಲದಲ್ಲೇ ಬಿಟ್ಟು ನಟರನ್ನು ಕೋಣೆಗೆ ಬಿಟ್ಟೆವು. ಬೀರು ಇತ್ತು, ಮಂಚವಿತ್ತು, ನೆಲದ ಮೇಲೆ ಪೆಟ್ಟಿಗೆ. ನಟಿ ಬಟ್ಟೆ ತೆಗೆದು ಮಂಚದ ಮೇಲಿಡುತ್ತಿದ್ದರು. ನಟ ಪೆಟ್ಟಿಗೆಯ ಬಳಿ ಮೊಣಕಾಲೂರಿ ಕುಳಿತಿದ್ದ. ಹಾಗೆ ಮಾಡುತ್ತಿರುವಾಗ ಒಮ್ಮೆ ಬೀರುವಿನ ಬಾಗಿಲು ಪೂರ್ತಿ ತೆರೆದುಕೊಂಡು ಇಬ್ಬರ ನಡುವೆ ಬಂದು ನಿಂತಿತು. ನಟಿ ಬಾಗಿಲಿನ ಆಚೆ, ನಟ ಈಚೆ. ಅವನಿಗೆ ಅವಳ ಕಾಲುಗಳು ಮಾತ್ರ ಕಾಣುತ್ತಿದ್ದವು. ಅಷ್ಟರಲ್ಲಿ ಅವನು “ಇವತ್ತೇ ಮುಗಿಸಿಬಿಡೋಣ, ಅಕ್ಕ” ಎಂದ.

ಅಲ್ಲಿದ್ದ ನಮಗೆಲ್ಲ ಅದು ಏಕಕಾಲಕ್ಕೆ ಹೊಳೆಯಿತು. ಆ ಮರದ ಬಾಗಿಲು ನಡುವೆ ಇದ್ದರೆ ಅಕ್ಕನ ಮುಖ ತಮ್ಮನಿಗೆ ಕಾಣುವುದಿಲ್ಲ, ನಮಗೆ ಮಾತ್ರ ಕಾಣುತ್ತದೆ. ಅವಳು ತನ್ನ ಮುಖವನ್ನು ಯಾರಿಂದಲೂ ಬಚ್ಚಿಡಬೇಕಾಗಿಲ್ಲ. ಎದುರಿಗೆ ತಮ್ಮ ನೋಡುತ್ತಿದ್ದರೆ ಅವಳು ಸಾವರಿಸಿಕೊಳ್ಳುತ್ತಿದ್ದಳು, ಹಿರಿಯಳಾಗಿ ಏನೋ ಒಂದು ಮುಖ ಹೊತ್ತುಕೊಳ್ಳುತ್ತಿದ್ದಳು. ಬಾಗಿಲಿನ ಹಿಂದೆ ಅದೂ ಬೇಕಿಲ್ಲ. ತಮ್ಮನಿಗೂ ಧೈರ್ಯ ಬರುವುದು ಅವಳು ಕಾಣದಿರುವಾಗಲೇ. ಅವಳ ಕಣ್ಣಲ್ಲಿ ಕಣ್ಣಿಟ್ಟು ಅವನು ಆ ಮಾತು ಆಡಲಾರ. ಹೀಗೆ ಒಂದು ಬಾಗಿಲು ಎರಡೂ ಪಾತ್ರಗಳ ಕಾರಣವಾಯಿತು. ಕ್ಯಾಮೆರಾ ಎಲ್ಲಿಡಬೇಕು ಎಂಬ ಪ್ರಶ್ನೆ ಅದರೊಂದಿಗೇ ತೀರಿಹೋಯಿತು.

ನೆಲಕ್ಕೆ ಟೇಪು ಅಂಟಿಸಿ ನಿಲ್ಲುವ ಜಾಗಗಳನ್ನು ಗುರುತಿಸಿದೆವು. ಮೇಲಿನಿಂದ ನೋಡಿದರೆ ಹೇಗೆ ಕಾಣುವುದೋ ಹಾಗೆ ಕೋಣೆಯ ನಕ್ಷೆ ಬರೆದೆವು. ಬೀರು, ಮಂಚ, ಕಿಟಕಿ, ಇಬ್ಬರಿಗೆ ಎರಡು ವೃತ್ತ, ಮೂಗಿನ ದಿಕ್ಕಿಗೆ ಒಂದೊಂದು ಬಾಣ. ಎರಡು ವೃತ್ತಗಳನ್ನು ಸೇರಿಸುವ ಗೆರೆಯೇ 180 ಡಿಗ್ರಿ ನಿಯಮದ ಗೆರೆ. ಅದರ ಒಂದೇ ಬದಿಯಲ್ಲಿ ಕ್ಯಾಮೆರಾ ಇರುವಷ್ಟು ಕಾಲ ಅಕ್ಕ ಪರದೆಯ ಎಡದಿಂದ ಬಲಕ್ಕೆ, ತಮ್ಮ ಬಲದಿಂದ ಎಡಕ್ಕೆ ನೋಡುತ್ತಿರುತ್ತಾರೆ. ಗೆರೆ ದಾಟಿದರೆ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಿರುವಂತೆ ಕಂಡು ಅವರ ನಡುವಿನ ಸಂಬಂಧವೇ ಕಣ್ಣಿಗೆ ತಪ್ಪಿಹೋಗುತ್ತದೆ. ಪುಸ್ತಕದಲ್ಲಿ ಇದು ಸುಲಭ. ಪಾತ್ರಗಳು ನಡೆಯತೊಡಗಿದರೆ ಗೆರೆಯೂ ಅವರ ಜೊತೆಗೆ ತಿರುಗುತ್ತದೆ. ಹಾಗಾಗಿ ಪ್ರತಿ ನಡೆಗೂ ಒಂದೊಂದು ನಕ್ಷೆ ಬೇಕು. ಈ ನಕ್ಷೆಗಳ ಮೇಲೆ ಕಳೆದ ಸಮಯ ಎಂದೂ ವ್ಯರ್ಥವಾಗುವುದಿಲ್ಲ. ನಟರು ಕಾಯುತ್ತ ನಿಂತಿರುವಾಗ ಕ್ಯಾಮೆರಾದ ಸುತ್ತ ನಾಲ್ಕು ಜನ ಸೇರಿ ಎಡ ಬಲ ಎಂದು ವಾದಿಸುವುದನ್ನು ಅದು ತಪ್ಪಿಸುತ್ತದೆ. ಕಾಯುತ್ತ ನಿಂತ ನಟಿಯ ಮುಖದಿಂದ ಆ ಕ್ಷಣ ಎಷ್ಟು ಬೇಗ ಸೋರಿಹೋಗುತ್ತದೆ ಎಂಬುದು ಒಮ್ಮೆ ನೋಡಿದವರಿಗೆ ಗೊತ್ತು.

ಮುಖದ ಬಗ್ಗೆ ಯೋಚಿಸುವಾಗ ಲೆವ್ ಕುಲೆಶೋವ್ ನೆನಪಾಗದೆ ಇರುವುದಿಲ್ಲ. 1919ರಲ್ಲಿ ಮಾಸ್ಕೋದಲ್ಲಿ ಆರಂಭವಾದ ಸಿನಿಮಾ ಶಾಲೆಯಲ್ಲಿ ಪಾಠ ಹೇಳಿದವನು ಆತ. ಕ್ರಾಂತಿಯ ನಂತರದ ಆ ದಿನಗಳಲ್ಲಿ ಕಚ್ಚಾ ಫಿಲ್ಮಿಗೆ ಕಡುಬರ. ಅವನ ವಿದ್ಯಾರ್ಥಿಗಳು ಫಿಲ್ಮೇ ಇಲ್ಲದ ಸಿನಿಮಾಗಳನ್ನು ಅಭ್ಯಾಸ ಮಾಡಿದರು. ಶಾಟ್‌ಗಳಾಗಿ ವಿಂಗಡಿಸಿದ ದೃಶ್ಯಗಳನ್ನು ರಂಗದ ಮೇಲೆ ಒಂದಾದ ಮೇಲೊಂದು ಅಭಿನಯಿಸಿ ತೋರಿಸಿದರು. ನೂರು ವರ್ಷಗಳ ಹಿಂದಿನ ಆ ವಿದ್ಯಾರ್ಥಿಗಳ ಬಗ್ಗೆ ನನಗೆ ಅಪಾರ ಗೌರವ. ಮೆಮೊರಿ ಕಾರ್ಡಿನಲ್ಲಿ ಗಂಟೆಗಟ್ಟಲೆ ಜಾಗವಿರುವ ನಾವು ಕ್ಯಾಮೆರಾ ಹೊರತೆಗೆಯುವ ಮೊದಲು ಇಡೀ ದೃಶ್ಯವನ್ನು ಹಾಗೆ ಒಮ್ಮೆ ಆಡಿ ನೋಡುವುದು ಅವರಿಂದ ಕಲಿಯಬಹುದಾದ ಪಾಠ. ನಾವು ಹಾಗೆ ಮಾಡಿದೆವು. ಇಬ್ಬರು ನಟರ ಎದುರು ಕೈಬೆರಳುಗಳಿಂದ ಚೌಕಟ್ಟು ಮಾಡಿಕೊಂಡು ಒಂದೊಂದು ಶಾಟ್ ಇರುವ ಜಾಗದಲ್ಲೂ ನಿಂತು ನೋಡಿದೆವು.

ಕುಲೆಶೋವ್‌ನ ಹೆಸರಿನಲ್ಲಿರುವ ಪ್ರಯೋಗ ಎಲ್ಲರಿಗೂ ಗೊತ್ತಿರುವುದೇ. ನಟ ಇವಾನ್ ಮೊಝುಖಿನ್‌ನ ಒಂದೇ ಮುಖವನ್ನು ಸೂಪಿನ ಬಟ್ಟಲಿನ ಪಕ್ಕ, ಶವಪೆಟ್ಟಿಗೆಯ ಪಕ್ಕ ಜೋಡಿಸಿ ತೋರಿಸಿದಾಗ ನೋಡಿದವರು ಅದೇ ಮುಖದಲ್ಲಿ ಹಸಿವನ್ನೂ ದುಃಖವನ್ನೂ ಕಂಡರಂತೆ. ಇದರಿಂದ ನಟ ಏನೂ ಮಾಡಬೇಕಿಲ್ಲ, ಎಲ್ಲವೂ ಸಂಕಲನದಲ್ಲೇ ಆಗುತ್ತದೆ ಎಂದು ತೀರ್ಮಾನಿಸುವವರಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ಮುಖದ ಹಿಂದೆ ಯೋಚನೆಯೊಂದು ನಡೆಯುತ್ತಿಲ್ಲದಿದ್ದರೆ ಪಕ್ಕದಲ್ಲಿ ಏನನ್ನಿಟ್ಟರೂ ಮುಖ ಖಾಲಿಯಾಗಿಯೇ ಕಾಣುತ್ತದೆ. ಆದರೆ ಭಾವವನ್ನು ಮುಖದ ಮೇಲೆ ಬಿಡಿಸಿ ತೋರಿಸುವ ಹೊರೆ ನಟಿಗೆ ಬೇಕಿಲ್ಲ ಎಂಬುದನ್ನು ಆ ಪ್ರಯೋಗ ನಿಸ್ಸಂದೇಹವಾಗಿ ಹೇಳುತ್ತದೆ. ಕೀಲಿಗೊಂಚಲು, ಅಳತೆ ಪಟ್ಟಿ, “ಇವತ್ತೇ” ಎಂಬ ಮಾತು, ಇವಿಷ್ಟು ಮೊದಲೇ ಬಂದಿದ್ದರೆ ಪ್ರೇಕ್ಷಕರು ಉಳಿದದ್ದನ್ನು ತಾವೇ ಅವಳ ಮುಖದಲ್ಲಿ ಓದಿಕೊಳ್ಳುತ್ತಾರೆ. ಹಾಗಾಗಿ ನಟಿಗೆ ನಾನು ದುಃಖದ ಬಗ್ಗೆ ಏನೂ ಹೇಳಲಿಲ್ಲ. ಅಮ್ಮನ ಶಾಲಿನ ಅಂಚಿನಲ್ಲಿ ಒಂದು ಕಡೆ ಹೊಲಿಗೆ ಬಿಟ್ಟಿತ್ತು. “ಆ ಜಾಗವನ್ನು ಬೆರಳಿನಿಂದ ಹುಡುಕುತ್ತಿರಿ, ಸಿಕ್ಕಿದ ಮೇಲೆ ಮಡಿಸಿ” ಎಂದೆ.

ಶಾಟ್ ಪಟ್ಟಿಯ ಬಗ್ಗೆ ತಂಡದಲ್ಲಿ ಬಿಸಿಬಿಸಿ ಚರ್ಚೆಯಾಯಿತು. ಕ್ಯಾಮೆರಾ ಹಿಡಿಯಲಿದ್ದ ಗೆಳೆಯನಿಗೆ ಕಿಟಕಿಯಿಂದ ಆರಂಭಿಸಿ ಮಂಚವನ್ನು ಸುತ್ತಿ ಇಬ್ಬರನ್ನೂ ದಾಟಿ ಹೋಗುವ ಚಲಿಸುವ ಶಾಟ್ ಒಂದು ಬೇಕಿತ್ತು. ಅವನ ಉತ್ಸಾಹ ನನಗೆ ಅರ್ಥವಾಗುತ್ತದೆ. ಅಂಥ ಶಾಟ್‌ನ ಆಕರ್ಷಣೆ ದೊಡ್ಡದು. ಆದರೆ ಪ್ರತಿ ಶಾಟ್‌ಗೂ ನಾವು ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೆವು: ಇದನ್ನು ನೋಡುವಾಗ ಪ್ರೇಕ್ಷಕರಿಗೆ ಅಲ್ಲಿಯವರೆಗೆ ಗೊತ್ತಿಲ್ಲದಿದ್ದ ಯಾವ ಸಂಗತಿ ಗೊತ್ತಾಗುತ್ತದೆ? ಚಲಿಸುವ ಶಾಟ್‌ಗೆ ಉತ್ತರ ಸಿಗಲಿಲ್ಲ. ಕೊನೆಗೆ ಉಳಿದವು ಇಷ್ಟು. ಇಡೀ ಕೋಣೆ ಕಾಣುವ ಮಾಸ್ಟರ್ ಶಾಟ್. ಪೆಟ್ಟಿಗೆಯ ಎತ್ತರದಿಂದ ತಮ್ಮನ ಮಧ್ಯಮ ಶಾಟ್, ಹಿನ್ನೆಲೆಯಲ್ಲಿ ಬಾಗಿಲಿನ ಕೆಳಗೆ ಅಕ್ಕನ ಪಾದಗಳು. ಕೀಲಿ ಮತ್ತು ಶಾಲಿನ ಹತ್ತಿರದ ನೋಟಗಳು. ಬಾಗಿಲಿನ ಹಿಂದೆ ಅಕ್ಕನ ಕ್ಲೋಸ್‌ಅಪ್. ತಮ್ಮನಿಗೆ ಕ್ಲೋಸ್‌ಅಪ್ ಇರಲಿಲ್ಲ. ಇದನ್ನು ನಟನಿಗೆ ಮೊದಲೇ, ಕಾರಣ ಸಹಿತ ತಿಳಿಸಿದೆ. ಚಿತ್ರೀಕರಣದ ದಿನ ಗೊತ್ತಾಗಲಿ ಎಂದು ಬಿಡುವುದು ನಟರಿಗೆ ಮಾಡುವ ಅಗೌರವ.

ಚಿತ್ರೀಕರಣದ ಕ್ರಮ ಕಥೆಯ ಕ್ರಮದಲ್ಲಿರುವುದಿಲ್ಲ. ಸಾಮಾನ್ಯವಾಗಿ ಅಗಲವಾದ ಶಾಟ್ ಮೊದಲು, ಹತ್ತಿರದವು ಆಮೇಲೆ. ಬೆಳಕನ್ನು ಒಮ್ಮೆ ಇಡೀ ಕೋಣೆಗೆ ಕಟ್ಟಿ ಆಮೇಲೆ ತಿದ್ದಿಕೊಳ್ಳುವುದು ಸುಲಭ ಎಂಬುದು ಒಂದು ಕಾರಣ. ಇದರಲ್ಲಿ ಒಂದು ಅಪಾಯವಿದೆ. ಮಾಸ್ಟರ್ ಶಾಟ್‌ನಲ್ಲಿ ನಟಿ ತನ್ನಲ್ಲಿದ್ದುದನ್ನೆಲ್ಲ ಕೊಟ್ಟು, ಕ್ಲೋಸ್‌ಅಪ್ ಬರುವ ಹೊತ್ತಿಗೆ ದಣಿದಿರಬಹುದು. ನಾವು ಮಾಸ್ಟರ್ ಆದ ಕೂಡಲೇ ತಮ್ಮನ ಶಾಟ್‌ಗಳನ್ನೂ ವಸ್ತುಗಳ ಹತ್ತಿರದ ನೋಟಗಳನ್ನೂ ಪಕ್ಕಕ್ಕಿಟ್ಟು ಅಕ್ಕನ ಕ್ಲೋಸ್‌ಅಪ್‌ಗೆ ಹೋದೆವು. ಕೀಲಿಗೊಂಚಲು ಸಂಜೆಯವರೆಗೂ ಕಾಯಬಲ್ಲದು.

ಬೆಳಕು ಕಿಟಕಿಯದೇ. ಬೆಳಕಿನ ಬಣ್ಣವನ್ನು ಅಳೆಯುವ ಮಾನದಲ್ಲಿ ಹಗಲಿನ ಬೆಳಕನ್ನು ಸುಮಾರು 5600 ಕೆಲ್ವಿನ್, ಟಂಗ್‌ಸ್ಟನ್ ದೀಪದ ಬೆಳಕನ್ನು 3200 ಕೆಲ್ವಿನ್ ಎಂದು ಲೆಕ್ಕ ಹಿಡಿಯುತ್ತಾರೆ. ಎರಡನ್ನೂ ಬೆರೆಸಿದರೆ ಮುಖದ ಅರ್ಧ ನೀಲಿ ಅರ್ಧ ಕಿತ್ತಳೆ. ಕೋಣೆಯ ದೀಪಗಳನ್ನೆಲ್ಲ ಆರಿಸಿಬಿಟ್ಟೆವು. ಉರಿಸಿಡಲೇಬೇಕಾದರೆ ಶಟರ್ ವೇಗದ ಕಡೆಗೂ ಗಮನ ಬೇಕು. 50 ಹರ್ಟ್ಸ್ ವಿದ್ಯುತ್ತಿನ ದೀಪ ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ; ಶಟರ್ 1/50 ಸೆಕೆಂಡು ತೆರೆದಿದ್ದರೆ ಪ್ರತಿ ಫ್ರೇಮಿಗೂ ಎರಡು ಪೂರ್ತಿ ಏರಿಳಿತ ಸಿಕ್ಕಿ ಮಿಣುಕು ಕಾಣುವುದಿಲ್ಲ. 60 ಹರ್ಟ್ಸ್ ಇರುವ ಕಡೆ 1/60. ಕಿಟಕಿಗೆ ಎದುರಾಗಿ ಬಿಳಿಯ ಹಲಗೆಯೊಂದನ್ನು ಹಿಡಿದರೆ ನೆರಳಿನ ಕೆನ್ನೆ ತೆರೆದುಕೊಳ್ಳುತ್ತಿತ್ತು. ನಾವು ಅದನ್ನು ತೆಗೆದುಹಾಕಿ ಕಪ್ಪು ಬಟ್ಟೆ ಹಿಡಿದೆವು. ಬಾಗಿಲಿನ ಕಡೆಯ ಕೆನ್ನೆ ಕತ್ತಲಲ್ಲೇ ಉಳಿಯಲಿ, ಅವಳಿಗೆ ಆ ಬದಿಯಿಂದ ಬರುವುದು ತಮ್ಮನ ಧ್ವನಿ ಮಾತ್ರ.

ಲೆನ್ಸಿನ ಬಗ್ಗೆ ಒಂದೇ ಮಾತು. ದ್ಯುತಿರಂಧ್ರವನ್ನು ಎಫ್ 1.8ಕ್ಕೆ ಅಗಲಿಸಿ ಹಿನ್ನೆಲೆಯನ್ನು ಪೂರ್ತಿ ಮಸುಕಾಗಿಸುವ ಮೋಹ ಎಲ್ಲ ವಿದ್ಯಾರ್ಥಿಗಳಿಗೂ ಇರುತ್ತದೆ. ಕ್ಲೋಸ್‌ಅಪ್‌ನಲ್ಲಿ ಆಗ ಸ್ಪಷ್ಟತೆಯ ಆಳ ಎಷ್ಟು ತೆಳ್ಳಗಾಗುತ್ತದೆಂದರೆ ನಟಿ ಒಂದಿಷ್ಟು ಮುಂದೆ ಬಾಗಿದರೂ ಕಣ್ಣು ಮಸುಕಾಗಿ ಕಿವಿ ಸ್ಪಷ್ಟವಾಗಿ ಉಳಿಯುತ್ತದೆ. ಆಗ ಅಲುಗಾಡಬೇಡಿ ಎಂದು ನಟಿಗೆ ಹೇಳಬೇಕಾಗುತ್ತದೆ. ಅಲುಗಾಡಬೇಡಿ ಎನಿಸಿಕೊಂಡ ನಟಿ ಕೇಳಿಸಿಕೊಳ್ಳುವುದನ್ನು ಬಿಟ್ಟು ತನ್ನ ಕುತ್ತಿಗೆಯ ಬಗ್ಗೆ ಯೋಚಿಸತೊಡಗುತ್ತಾರೆ. ರಂಧ್ರವನ್ನು ಕಿರಿದಾಗಿಸುವ ಎಫ್ 4 ಸಾಕು. ಹಿಂದೆ ಬೀರುವಿನ ಖಾಲಿ ಹಲಗೆಗಳು ಸ್ವಲ್ಪ ಕಂಡರೆ ಒಳ್ಳೆಯದೇ ಆಯಿತು.

ಶಬ್ದಕ್ಕೆ ಮಾತ್ರ ನಾವು ಹೆಚ್ಚು ಸಮಯ ಕೊಟ್ಟೆವು. ಮೌನದ ದೃಶ್ಯ ಎಂದರೆ ಶಬ್ದದ ದೃಶ್ಯ. ಫ್ಯಾನು ನಿಂತಿತು, ಫ್ರಿಜ್ ನಿಂತಿತು. ಫ್ರಿಜ್ ಆರಿಸಿದವರು ತಮ್ಮ ಗಾಡಿಯ ಕೀಲಿಯನ್ನು ಅದರೊಳಗೇ ಇಡಬೇಕು ಎಂಬುದು ಚಿತ್ರೀಕರಣದವರ ಹಳೆಯ ಉಪಾಯ. ಮತ್ತೆ ಹಾಕದೆ ಮನೆಗೆ ಹೋಗಲಾಗದು. ನಮಗೆ ಮನೆ ಬಿಟ್ಟುಕೊಟ್ಟವರ ವಿಶ್ವಾಸವನ್ನು ಉಳಿಸಿಕೊಳ್ಳುವ ಸಣ್ಣ ದಾರಿಯೂ ಹೌದು. ಬೂಮ್, ಅಂದರೆ ಮೈಕು ಕಟ್ಟಿದ ಉದ್ದನೆಯ ಕೋಲು, ಹಿಡಿದ ಗೆಳತಿ ಮೈಕನ್ನು ಫ್ರೇಮಿನ ಅಂಚಿಗೆ ತಾಗುವಷ್ಟು ಹತ್ತಿರ ಇಳಿಸಿದ್ದಳು. ಬಾಯಿಯಿಂದ ಮೈಕಿನ ದೂರ ಇಮ್ಮಡಿಯಾದರೆ ನೇರ ಧ್ವನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ, ಕೋಣೆಯ ಅನುರಣನ ಮಾತ್ರ ಅಷ್ಟೇ ಇರುತ್ತದೆ. ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳುವುದು ಇದರಿಂದ. ನಮ್ಮಲ್ಲಿ ಮಾತಿಗಿಂತ ಮುಖ್ಯವಾಗಿದ್ದದ್ದು ಉಸಿರು ಮತ್ತು ಶಾಲಿನ ಸರಬರ. ಹೆಡ್‌ಫೋನ್ ಹಾಕಿಕೊಂಡ ಆ ಗೆಳತಿಯೇ ನಮ್ಮ ತಂಡದಲ್ಲಿ ದೃಶ್ಯವನ್ನು ಎಲ್ಲರಿಗಿಂತ ಹತ್ತಿರದಿಂದ ತಿಳಿದವಳು. ಟೇಕ್ ಮುಗಿದ ಮೇಲೆ ನಾನು ಮಾನಿಟರ್‌ಗಿಂತ ಮೊದಲು ಅವಳ ಮುಖ ನೋಡುತ್ತಿದ್ದೆ.

ಈಗ ಆ ಕ್ಲೋಸ್‌ಅಪ್. ಕ್ಯಾಮೆರಾ ಬೀರುವಿನ ಬದಿಯಲ್ಲಿ, ನಟಿಯ ಮುಖಕ್ಕೆ ಒಂದು ಮಾರು ದೂರದಲ್ಲಿತ್ತು. ನಟ ಫ್ರೇಮಿನಲ್ಲಿ ಇರಲಿಲ್ಲ. ಇಂಥ ಸಂದರ್ಭದಲ್ಲಿ ಎದುರು ಪಾತ್ರದ ಮಾತನ್ನು ಸಹಾಯಕರು ಯಾರಾದರೂ ಓದಿ ಮುಗಿಸುವುದುಂಟು. ಅದನ್ನು ನಾನು ಒಪ್ಪುವುದಿಲ್ಲ. ಕೇಳಿಸಿಕೊಳ್ಳುವ ಮುಖ ಬೇಕೆಂದರೆ ಕೇಳಲು ನಿಜವಾದ ಮಾತು ಇರಲೇಬೇಕು. ನಮ್ಮ ನಟ ಬಾಗಿಲಿನ ಈಚೆ, ಮೊದಲು ಇದ್ದ ಹಾಗೆಯೇ ಮೊಣಕಾಲೂರಿ ಕುಳಿತ, ಪೆಟ್ಟಿಗೆಗೆ ನಿಜವಾಗಿಯೇ ಬಟ್ಟೆ ತುಂಬುತ್ತ. ನಾನು ಅವನ ಬಳಿ ಹೋಗಿ ನಟಿಗೆ ಕೇಳಿಸದಂತೆ ಒಂದು ಸೂಚನೆ ಕೊಟ್ಟೆ: “ಇವತ್ತೇ” ಎಂದ ಮೇಲೆ ನಿಲ್ಲು, ಉಳಿದದ್ದನ್ನು ಹೇಳಲು ಮನಸ್ಸಾದಾಗ ಹೇಳು.

ಕ್ಲ್ಯಾಪ್ ಬಿತ್ತು. ನಟಿ ಶಾಲಿನ ಅಂಚನ್ನು ಬೆರಳಿನಿಂದ ಸವರುತ್ತ ಹೋದರು. “ಉಳಿದದ್ದನ್ನು ಮುಂದಿನ ತಿಂಗಳು ಬಂದು ನೋಡುತ್ತೇನೆ ಬಿಡು” ಎಂದಾಗ ಅವರ ಗಮನ ಪೂರ್ತಿ ಹೊಲಿಗೆಯ ಮೇಲಿತ್ತು. ಈಚೆಯಿಂದ “ಇವತ್ತೇ” ಎಂದು ಕೇಳಿತು. ಬೆರಳು ಹೊಲಿಗೆ ಬಿಟ್ಟ ಜಾಗಕ್ಕೆ ಬಂದು ನಿಂತಿತ್ತು. ಅವರು ಮುಂದಿನ ಮಾತಿಗಾಗಿ ಕಾದರು. ಮಾತು ಬರಲಿಲ್ಲ. ತಲೆ ನಿಧಾನವಾಗಿ ಮೇಲೆದ್ದಿತು, ಆದರೆ ಬಾಗಿಲಿನ ಕಡೆಗೆ ತಿರುಗಲಿಲ್ಲ. ಎದುರಿಗಿದ್ದ ಖಾಲಿ ಹಲಗೆಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ನೋಡಿತು. ಲೆಕ್ಕ ಹಾಕುತ್ತಿರುವವರು ನೋಡುವ ಹಾಗೆ. ಆಮೇಲೆ “ಮುಗಿಸಿಬಿಡೋಣ, ಅಕ್ಕ” ಎಂದು ಕೇಳಿದಾಗ ಅವರು ಆಗಲೇ ತಿಳಿದಿದ್ದನ್ನು ಎರಡನೆಯ ಬಾರಿ ಕೇಳಿಸಿಕೊಂಡವರಂತೆ ಒಮ್ಮೆ ಕಣ್ಣು ಮುಚ್ಚಿ ತೆರೆದರು. ಶಾಲನ್ನು ಮಡಿಸಿದರು. ಹಲಗೆಗಳನ್ನು ನೋಡುವುದು ಚಿತ್ರಕಥೆಯಲ್ಲಿ ಇರಲಿಲ್ಲ, ನಾನು ಹೇಳಿಯೂ ಇರಲಿಲ್ಲ. ಕಟ್ ಎನ್ನಲು ನನಗೆ ಆತುರವಿರಲಿಲ್ಲ. ಮಾತು ಮುಗಿದ ಮೇಲೂ ಕೆಲವು ಸೆಕೆಂಡು ಕ್ಯಾಮೆರಾ ಓಡುತ್ತಿರಬೇಕು ಎಂಬುದು ಸಂಕಲನದ ಅನುಕೂಲಕ್ಕೆ ಹುಟ್ಟಿದ ಪದ್ಧತಿ. ನಟರಿಗೆ ಅದು ಉಸಿರಾಡಲು ಸಿಗುವ ಜಾಗ.

ಆ ದಿನ ಕೋಣೆಯಲ್ಲಿ ಇನ್ನೊಬ್ಬಳು ಗೆಳತಿ ಬರೀ ನೋಡುವ ಕೆಲಸ ಮಾಡುತ್ತಿದ್ದಳು. ಕಂಟಿನ್ಯುಟಿ ಅವಳದು. ಶಾಲು ಯಾವ ಕೈಯಲ್ಲಿತ್ತು, ಬಾಗಿಲು ಎಷ್ಟು ತೆರೆದಿತ್ತು, ಮಂಚದ ಮೇಲೆ ಎಷ್ಟು ಬಟ್ಟೆ ಇತ್ತು ಎಂದು ಪ್ರತಿ ಟೇಕ್‌ಗೂ ಬರೆದುಕೊಂಡು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟಳು. ಸಂಜೆ ಶಾಲಿನ ಹತ್ತಿರದ ನೋಟ ತೆಗೆಯುವಾಗ ಅವಳ ಪುಸ್ತಕವೇ ಆಧಾರ. ಎಲ್ಲ ಮುಗಿದ ಮೇಲೆ ಯಾರೂ ಮಿಸುಕಾಡದೆ ನಿಂತು ಖಾಲಿ ಕೋಣೆಯ ಶಬ್ದವನ್ನು ಒಂದು ನಿಮಿಷ ದಾಖಲಿಸಿಕೊಂಡೆವು. ಕಟ್‌ಗಳ ನಡುವೆ ತೂತು ಬೀಳದಂತೆ ಸಂಕಲನದಲ್ಲಿ ಹಾಸಲು ಅದು ಬೇಕೇ ಬೇಕು. ಬೀರುವಿನ ಕೀಲಿನ ಕಿರುಗುಟ್ಟುವಿಕೆಯನ್ನೂ ಬೇರೆಯಾಗಿ ತೆಗೆದುಕೊಂಡೆವು.

ಸಂಕಲನಕ್ಕೆ ಕುಳಿತಾಗ ಮಾಸ್ಟರ್ ಶಾಟ್‌ನಲ್ಲಿ ಉಳಿದದ್ದು ಆರಂಭದ ಸ್ವಲ್ಪ ಭಾಗ ಮಾತ್ರ. ಪ್ರಸಿದ್ಧ ಸಂಕಲನಕಾರ ವಾಲ್ಟರ್ ಮರ್ಚ್ ಒಳ್ಳೆಯ ಕಟ್‌ಗೆ ಆರು ಮಾನದಂಡಗಳನ್ನು ಹೇಳಿ ಒಂದೊಂದಕ್ಕೂ ತೂಕ ಕೊಟ್ಟಿದ್ದಾರೆ: ಭಾವಕ್ಕೆ 51 ಪ್ರತಿಶತ, ಕಥೆಗೆ 23, ಲಯಕ್ಕೆ 10. ನಾವು ಅಷ್ಟೊಂದು ಕಾಳಜಿ ವಹಿಸುವ ಜಾಗದ ಸಾತತ್ಯ ಕೊನೆಯಲ್ಲಿ ಬರುತ್ತದೆ, ಬರೀ 4. ಈ ಅಂಕಿಗಳನ್ನು ಅಳೆದು ನೋಡಲಾಗದು. ಆದರೆ ಭಾವವೊಂದೇ ಉಳಿದೈದಕ್ಕಿಂತ ಹೆಚ್ಚು ತೂಗಬೇಕು ಎಂಬ ನಿಲುವು ಅವುಗಳಲ್ಲಿ ಸ್ಪಷ್ಟವಾಗಿದೆ. ಒಳ್ಳೆಯ ಟೇಕ್‌ನಲ್ಲಿ ಶಾಲಿನ ಮಡಿಕೆ ಹಿಂದಿನ ಶಾಟ್‌ಗೆ ಸರಿಯಾಗಿ ಹೊಂದುತ್ತಿರಲಿಲ್ಲ. ನಾವು ಅದನ್ನೇ ಇಟ್ಟುಕೊಂಡೆವು. ತಮ್ಮನ “ಇವತ್ತೇ” ಅವನ ಮುಖದ ಮೇಲೆ ಆರಂಭವಾಗುವುದಿಲ್ಲ. ಆ ಮಾತು ಬರುವ ಮೊದಲೇ ನಾವು ಅಕ್ಕನ ಬಳಿಗೆ ಬಂದಿರುತ್ತೇವೆ. ಧ್ವನಿ ಬಾಗಿಲಿನ ಆಚೆಯಿಂದ ಬರುತ್ತದೆ, ಅವಳಿಗೆ ಬರುವ ಹಾಗೆಯೇ.

ಜಗಳ ಉಳಿದಿರುವುದು ಒಂದೇ ಕಡೆ. ಖಾಲಿ ಹಲಗೆಗಳ ಮೇಲಿಂದ ಅವಳ ನೋಟ ಇಳಿದು ಮುಗಿದ ಮೇಲೆ ಸಂಕಲನ ಮಾಡಿದ ಗೆಳೆಯ ನೇರವಾಗಿ ತಮ್ಮನ ಶಾಟ್‌ಗೆ ಹೋಗಿದ್ದಾನೆ. ಅದಕ್ಕೆ ಮೊದಲು ಅವಳ ಮೇಲೆ ಇನ್ನೊಂದು 12 ಫ್ರೇಮು, ಅಂದರೆ ಅರ್ಧ ಸೆಕೆಂಡು ಇರಬೇಕು ಎಂಬುದು ನನ್ನ ವಾದ. ಅಷ್ಟು ಹೊತ್ತು ಬೇಕು ಅವಳು ನಿರ್ಧರಿಸಲು. ಅವಳು ನಿರ್ಧರಿಸುವುದನ್ನು ನಾವು ನೋಡಬಾರದು, ತಮ್ಮನ ಹಾಗೆ ನಾವೂ ಬಾಗಿಲಿನ ಈಚೆ ಕಾಯಬೇಕು ಎನ್ನುತ್ತಾನೆ ಅವನು. ಎರಡೂ ಆವೃತ್ತಿಗಳನ್ನು ಉಳಿಸಿಕೊಂಡಿದ್ದೇವೆ. ನಟಿಗೆ ಎರಡನ್ನೂ ತೋರಿಸಿದಾಗ ಅವರು ಅವನ ಪಕ್ಷ ವಹಿಸಿದರು. ನಾನು ಇನ್ನೂ ಒಪ್ಪಿಲ್ಲ.